ಗಾಡಿ ತೊಳೆಯೋಣ, ಬಣ್ಣ ಉಳಿಸೋಣ



ಹಿಂದೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆ ಮನೆ ಮುಂದೆ ಎತ್ತಿನ ಗಾಡಿ ನಿಲ್ಲುತ್ತಿತ್ತು. ಈಗ ಎಷ್ಟೋ ಮನೆಗಳ ಮುಂದೆ ಕಾರು, ವ್ಯಾನು, ಆಟೋ ನಿಂತಿವೆ. ಕೆಲವು ಬಾಡಿಗೆಗೆ ಓಡುತ್ತವೆ. ಕೆಲವು ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತವೆ. ಗಾಡಿ ಓಡಿಸುವವರು ಹೆಚ್ಚಾಗಿ ಗಂಡಸರು. ಆದರೆ ಅದನ್ನು ತೊಳೆಯುವವರು ಯಾರು? ಬಹಳ ಮನೆಗಳಲ್ಲಿ ನಾವೇ.

ಗಾಡಿ ತೊಳೆಯುವುದರಲ್ಲಿ ಕಲಿಯುವುದು ಏನಿದೆ ಅನ್ನಬೇಡಿ. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ಅತ್ತಿಗೆ ಅತ್ತ ದಿನ

ನಮ್ಮ ಅಣ್ಣ ಬಾಡಿಗೆಗೆ ಓಡಿಸಲು ಒಂದು ಹಳೆಯ ಕಾರು ತಂದ. ನೀಲಿ ಬಣ್ಣದ್ದು. ಅತ್ತಿಗೆ ತಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದರು. ಆ ವರ್ಷ ಹೊಗೆಸೊಪ್ಪಿನಿಂದ ಬಂದ ದುಡ್ಡನ್ನೂ ಅದಕ್ಕೇ ಹಾಕಿದರು. ಸಾಲದ ಕಾಗದಕ್ಕೆ ಅತ್ತಿಗೆಯೇ ಸಹಿ ಹಾಕಿದ್ದರು. ಸಾಕ್ಷರತಾ ಕೇಂದ್ರಕ್ಕೆ ಬಂದು ಕಲಿತ ಸಹಿ ಅದು.

ಆಯುಧ ಪೂಜೆಯ ಹಿಂದಿನ ದಿನ ಅತ್ತಿಗೆ ಕಾರು ತೊಳೆಯಲು ನಿಂತರು. ಬಟ್ಟೆ ಒಗೆಯುವ ಪುಡಿ ತೆಗೆದುಕೊಂಡರು. ಪಾತ್ರೆ ಉಜ್ಜುವ ತಂತಿ ನಾರು ತೆಗೆದುಕೊಂಡರು. ಮಧ್ಯಾಹ್ನದ ಬಿಸಿಲಲ್ಲಿ ಚೆನ್ನಾಗಿ ಉಜ್ಜಿದರು. ಒಣಗಿದ ಮೇಲೆ ನೋಡಿದರೆ ಕಾರಿನ ಮೈ ತುಂಬಾ ಗೀರು! ಬಣ್ಣ ಮಂಕಾಗಿತ್ತು.

ಅಣ್ಣ ಬಂದವನೇ ಕೂಗಾಡಿದ. "ಏನ್ ಮಾಡ್ಬುಟ್ಟೆ ನೀನು? ಹೊಸ ಗಿರಾಕಿ ಬತ್ತಾರೆ ಅಂತ ಕಾಯ್ತಿದ್ರೆ, ಕಾರೇ ಹಾಳು ಮಾಡ್ಬುಟ್ಟಲ್ಲ!"

ಅತ್ತಿಗೆ ನನ್ನ ಹತ್ತಿರ ಬಂದು ಅತ್ತರು. "ಪಾತ್ರೆ ಉಜ್ಜಿದ ಹಂಗೇ ಉಜ್ಜಿದೆ ಕಣವ್ವ. ಹಬ್ಬಕ್ಕೆ ಒಸಿ ಚೆನ್ನಾಗಿ ಕಾಣ್ಲಿ ಅಂತ. ಸಾಲ ಇನ್ನೂ ತೀರಿಲ್ಲ."

ಮಾರನೇ ವಾರ ನಾವಿಬ್ಬರೂ ಟಿಂಕರಿಂಗ್ ಅಂಗಡಿಗೆ ಹೋದೆವು. ಬಣ್ಣ ಹೊಡೆಯುವ ಹಿರಿಯರು ಕಾರನ್ನು ಸುತ್ತಿ ನೋಡಿದರು. "ಯಾವುದ್ರಲ್ಲಿ ಉಜ್ಜಿದ್ರಿ ತಾಯಿ?" ಎಂದು ಕೇಳಿದರು. ಬೈಯಲಿಲ್ಲ. ಕೂರಿಸಿಕೊಂಡು ಎಲ್ಲಾ ಬಿಡಿಸಿ ಹೇಳಿದರು. ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ಬಣ್ಣ ಎಷ್ಟು ದಪ್ಪ?

ಸ್ಟೀಲ್ ಪಾತ್ರೆ ಒಳಗೂ ಹೊರಗೂ ಸ್ಟೀಲೇ. ಎಷ್ಟು ಉಜ್ಜಿದರೂ ಕೆಳಗೆ ಸ್ಟೀಲೇ ಸಿಗುತ್ತದೆ. ಕಾರಿನ ಮೈ ಹಾಗಲ್ಲ. ಕೆಳಗೆ ಕಬ್ಬಿಣದ ತಗಡು ಇದೆ. ಅದರ ಮೇಲೆ ತುಕ್ಕು ತಡೆಯುವ ಪದರ. ಅದರ ಮೇಲೆ ಬಣ್ಣ. ಬಹಳ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂತೆ ಹೊಳೆಯುವ ಇನ್ನೊಂದು ಪದರ ಇರುತ್ತದೆ.

ಈ ಎಲ್ಲಾ ಪದರ ಸೇರಿದರೂ ಸುಮಾರು ಒಂದು ಮಿಲಿಮೀಟರಿನ 10ನೇ ಒಂದು ಭಾಗದಷ್ಟು ದಪ್ಪ. ಹೆಚ್ಚೂ ಕಡಿಮೆ ನಮ್ಮ ತಲೆಗೂದಲಿನಷ್ಟು! ಅಷ್ಟು ತೆಳುವಾದದ್ದನ್ನು ತಂತಿ ನಾರಿನಲ್ಲಿ ಉಜ್ಜಿದರೆ ಉಳಿಯುತ್ತದೆಯೇ?

ಬಣ್ಣ ಹೋದರೆ ಅಂದ ಕೆಡುವುದಷ್ಟೇ ಅಲ್ಲ. ಗೀರು ಕಬ್ಬಿಣದವರೆಗೆ ಇಳಿದರೆ ನೀರು, ಗಾಳಿ ಎರಡೂ ಅಲ್ಲಿ ಸೇರುತ್ತವೆ. ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಬಣ್ಣದ ಅಡಿಯಲ್ಲೇ ಹರಡುತ್ತಾ ಹೋಗುತ್ತದೆ. ಕೊನೆಗೆ ತಗಡೇ ತೂತಾಗುತ್ತದೆ. ಆಗ ರಿಪೇರಿಗೆ ದುಡ್ಡು ಬೇಕು. ಮಾರಲು ಹೋದರೆ ಬೆಲೆ ಬರುವುದಿಲ್ಲ.

ನಮ್ಮ ಕಡೆಯ ಕೊಳೆ

ನಮ್ಮ ಸೀಮೆಯಲ್ಲಿ ಗಾಡಿಗೆ ಹತ್ತುವ ಕೊಳೆ ನಾಲ್ಕೈದು ಬಗೆ.

ಮೊದಲನೆಯದು ಮಣ್ಣಿನ ಧೂಳು. ಅದರಲ್ಲಿ ಸಣ್ಣ ಮರಳಿನ ಕಣ ಇರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಆ ಕಣಗಳೇ ಬಣ್ಣವನ್ನು ಗೀರುತ್ತವೆ.

ಎರಡನೆಯದು ಗದ್ದೆಯ ಕೆಸರು. ಇದು ಚಕ್ರದ ಮೇಲಿನ ಮಡ್ಗಾರ್ಡ್ ಒಳಗೆ ಅಂಟಿ ಕೂರುತ್ತದೆ. ತೇವ ಹಿಡಿದುಕೊಂಡು ತುಕ್ಕು ತರಿಸುತ್ತದೆ.

ಮೂರನೆಯದು ಬ್ಯಾರನ್ನಿನ ಬೂದಿ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ ಪಕ್ಕ ಗಾಡಿ ನಿಲ್ಲಿಸಿದರೆ ಬೂದಿ ಬೀಳುತ್ತದೆ. ರಾತ್ರಿ ಇಬ್ಬನಿ ಬಿದ್ದರೆ ಬೂದಿ ನೆನೆಯುತ್ತದೆ. ಸೌದೆಯ ಬೂದಿಯಲ್ಲಿ ಕ್ಷಾರ ಇದೆ. ಅದಕ್ಕೇ ಹಿಂದಿನವರು ಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದರು. ಅದೇ ಕ್ಷಾರ ಬಣ್ಣಕ್ಕೆ ಒಳ್ಳೆಯದಲ್ಲ.

ನಾಲ್ಕನೆಯದು ಹಕ್ಕಿಯ ಹಿಕ್ಕೆ ಮತ್ತು ಮರದ ಅಂಟು. ಬಿಸಿಲಿನಲ್ಲಿ ಕಾದ ಬಣ್ಣದ ಮೇಲೆ ಹಿಕ್ಕೆ ಒಣಗಿದರೆ ಕಲೆ ಬೀಳುತ್ತದೆ. ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ 5–10 ನಿಮಿಷ ಹಾಸಿ. ನೆನೆದ ಮೇಲೆ ಮೆತ್ತಗೆ ಎತ್ತಿ ತೆಗೆಯಿರಿ.

ಐದನೆಯದು ಬೋರ್‌ವೆಲ್ ನೀರಿನ ಕಲೆ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಿ. ಗಡಸು ನೀರಿನಲ್ಲಿ ಇರುವ ಸುಣ್ಣದ ಅಂಶ ಅದು. ಗಾಡಿಯ ಮೇಲೆ ನೀರು ಬಿಸಿಲಿಗೆ ಒಣಗಿದರೂ ಅದೇ ಬಿಳಿ ಚುಕ್ಕೆ ಉಳಿಯುತ್ತದೆ. ಆದ್ದರಿಂದ ತೊಳೆದ ಕೂಡಲೇ ಒರೆಸಬೇಕು.

ತೊಳೆಯುವ ಕ್ರಮ

ಬೇಕಾದ ಸಾಮಾನು: ಎರಡು ಬಕೆಟ್, ಒಂದು ಚೊಂಬು, ಎರಡು ಮೂರು ಮೆತ್ತನೆ ಬಟ್ಟೆ, ಕಾರಿಗೆಂದೇ ಮಾಡಿದ ಶಾಂಪೂ.

1. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ. ಬೆಳಗ್ಗೆ ಅಥವಾ ಸಂಜೆ ಒಳ್ಳೆಯದು. ಹ್ಯಾಂಡ್ ಬ್ರೇಕ್ ಹಾಕಿಸಿ. ಮಕ್ಕಳು ಗಾಡಿಯ ಅಡಿ ನುಸುಳದಂತೆ ನೋಡಿಕೊಳ್ಳಿ.

2. ಕೈಬಳೆ, ಉಂಗುರ ತೆಗೆದಿಡಿ. ತೆಗೆಯಲು ಇಷ್ಟ ಇಲ್ಲದವರು ಬಳೆ ಮೇಲೆ ಸರಿಸಿ, ಬಟ್ಟೆ ಸುತ್ತಿಕೊಳ್ಳಿ. ಬಳೆಯಿಂದಲೂ ಗೀರು ಬೀಳುತ್ತದೆ.

3. ಮೊದಲು ಬರೀ ನೀರು ಹಾಕಿ. ಧೂಳು, ಕೆಸರು ನೆನೆದು ತಾನೇ ಇಳಿಯಲಿ. ಆಮೇಲೆ ಬಟ್ಟೆ ಮುಟ್ಟಿಸಿ.

4. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಶಾಂಪೂ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಕೊಳೆಯಾದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ ಹಿಂಡಿ. ಮತ್ತೆ ಶಾಂಪೂ ನೀರಿನಲ್ಲಿ ಅದ್ದಿ. ಹೀಗೆ ಮಾಡಿದರೆ ಮರಳು ಮತ್ತೆ ಬಣ್ಣದ ಮೇಲೆ ಹೋಗುವುದಿಲ್ಲ.

5. ಮೇಲಿನಿಂದ ಕೆಳಕ್ಕೆ ಬನ್ನಿ. ಮೊದಲು ಟಾಪು, ಆಮೇಲೆ ಗಾಜು, ಬಾಗಿಲು. ಕೊನೆಗೆ ಚಕ್ರ. ಚಕ್ರಕ್ಕೆ ಬೇರೆ ಬಟ್ಟೆ ಇಡಿ. ದೇವರ ಪಾತ್ರೆಗೂ ಅಡುಗೆ ಪಾತ್ರೆಗೂ ಬೇರೆ ಬೇರೆ ನಾರು ಇಡುತ್ತೇವಲ್ಲ, ಹಾಗೆ.

6. ಸುತ್ತಿ ಸುತ್ತಿ ಉಜ್ಜಬೇಡಿ. ಉದ್ದಕ್ಕೆ, ಹಗುರವಾಗಿ ಎಳೆಯಿರಿ. ಬಟ್ಟೆ ಕೆಳಗೆ ಬಿದ್ದರೆ ತೊಳೆಯದೆ ಮತ್ತೆ ಬಳಸಬೇಡಿ.

7. ನೊರೆ ಒಣಗುವ ಮೊದಲೇ ಒಳ್ಳೆಯ ನೀರು ಹಾಕಿ. ಮೆತ್ತನೆ ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ. ಹಳೆಯ ಹತ್ತಿ ಪಂಚೆ ಆಗಬಹುದು. ಜರಿ ಇರುವ ಸೀರೆ, ಗುಂಡಿ ಇರುವ ಅಂಗಿ ಬೇಡ.

ಇಂಜಿನ್ನಿಗೆ ನೀರು ಸುರಿಯಬೇಡಿ. ಅಲ್ಲಿ ಬ್ಯಾಟರಿ, ವೈರುಗಳು ಇವೆ.

ಯಾವುದು ಬೇಡ?

ಬಟ್ಟೆ ಒಗೆಯುವ ಪುಡಿ ಬೇಡ. ಅದು ಎಣ್ಣೆ ಜಿಡ್ಡು ತೆಗೆಯಲು ಮಾಡಿದ್ದು. ಬಣ್ಣದ ಮೇಲೆ ಹಚ್ಚಿದ ಮೇಣವನ್ನೂ ತೆಗೆದುಬಿಡುತ್ತದೆ.

ಸೀಮೆಎಣ್ಣೆ ಬೇಡ. ಹಚ್ಚಿದಾಗ ಮಿರಮಿರ ಮಿಂಚುತ್ತದೆ, ನಿಜ. ಆದರೆ ಆ ಜಿಡ್ಡಿಗೆ ಧೂಳು ಬಂದು ಕೂರುತ್ತದೆ. ರಬ್ಬರ್ ಕೆಡುತ್ತದೆ. ಬೆಂಕಿಯ ಭಯ ಬೇರೆ.

ಬಚ್ಚಲು ತೊಳೆಯುವ ಆಸಿಡ್ ಬೇಡವೇ ಬೇಡ. ಚಕ್ರವೂ ಕೆಡುತ್ತದೆ, ಕೈಯೂ ಸುಡುತ್ತದೆ.

ಧೂಳಿನ ಗಾಡಿಯ ಮೇಲೆ ಟಾರ್ಪಾಲು ಹೊದಿಸಬೇಡಿ. ಗಾಳಿಗೆ ಟಾರ್ಪಾಲು ಬಡಿದು ಧೂಳೇ ಬಣ್ಣವನ್ನು ಉಜ್ಜುತ್ತದೆ.

ರಬ್ಬಿಂಗ್ ಕಾಂಪೌಂಡ್ ಎಂಬ ಲೇಪ ಅಂಗಡಿಯಲ್ಲಿ ಸಿಗುತ್ತದೆ. ಅದು ಬಣ್ಣದ ಮೇಲ್ಪದರವನ್ನು ಸವೆಸಿ ಗೀರು ಕಾಣದಂತೆ ಮಾಡುತ್ತದೆ. ಪದೇ ಪದೇ ಬಳಸಿದರೆ ಬಣ್ಣವೇ ಮುಗಿಯುತ್ತದೆ. ತಿಳಿದವರ ಕೈಯಲ್ಲಿ ಮಾಡಿಸಿ.

ಕೆಸುವಿನ ಎಲೆ ಕಲಿಸುವ ಪಾಠ

ಕೆಸುವಿನ ಎಲೆಯ ಮೇಲೆ ನೀರು ಬಿದ್ದರೆ ಏನಾಗುತ್ತದೆ? ಮುತ್ತಿನ ಹಾಗೆ ಉರುಳಿ ಹೋಗುತ್ತದೆ. ಎಲೆ ಒದ್ದೆ ಆಗುವುದಿಲ್ಲ. ಆ ಎಲೆಯ ಮೇಲೆ ಬಹಳ ಸಣ್ಣ ಉಬ್ಬುಗಳೂ ಮೇಣದ ಪದರವೂ ಇವೆ.

ಕಾರಿಗೂ ಮೇಣ ಹಚ್ಚುತ್ತಾರೆ. ಅದಕ್ಕೆ ವ್ಯಾಕ್ಸ್ ಅನ್ನುತ್ತಾರೆ. ಹೆಸರುವಾಸಿಯಾದ ಒಂದು ಮೇಣ ಕಾರ್ನೌಬಾ. ಅದು ದೂರದ ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಅಲ್ಲಿನ ಬಿಸಿಲಿನಲ್ಲಿ ಎಲೆಯ ನೀರು ಆರದಂತೆ ಕಾಪಾಡುವ ಮೇಣ, ಇಲ್ಲಿ ನಮ್ಮ ಕಾರಿನ ಬಣ್ಣ ಕಾಪಾಡುತ್ತದೆ.

ತೊಳೆದು ಪೂರ್ತಿ ಒಣಗಿಸಿದ ಗಾಡಿಗೆ ನೆರಳಿನಲ್ಲಿ ವ್ಯಾಕ್ಸ್ ಹಚ್ಚಬೇಕು. ತೆಳುವಾಗಿ ಹಚ್ಚಿ. ದಪ್ಪ ಹಚ್ಚಿದರೆ ಲಾಭ ಇಲ್ಲ. ಮಂಜಿನಂತೆ ಒಣಗಿದ ಮೇಲೆ ಬೇರೆ ಬಟ್ಟೆಯಲ್ಲಿ ಒರೆಸಿ. ಎರಡು ಮೂರು ತಿಂಗಳಿಗೆ ಒಮ್ಮೆ ಸಾಕು. ನೀರು ಹಾಕಿದಾಗ ಹನಿ ಹನಿಯಾಗಿ ಉರುಳಿದರೆ ಮೇಣ ಇನ್ನೂ ಇದೆ ಅಂತ ಅರ್ಥ. ನೀರು ಹರಡಿ ನಿಂತರೆ ಮತ್ತೆ ಹಚ್ಚುವ ಕಾಲ ಬಂತು ಅಂತ ಅರ್ಥ.

ಆಯುಧ ಪೂಜೆಯ ದಿನ

ಆಯುಧ ಪೂಜೆ ನಮ್ಮ ಸೀಮೆಯ ದೊಡ್ಡ ಹಬ್ಬ. ಮೈಸೂರು ಅರಮನೆಯಲ್ಲಿ ಆ ದಿನ ಆಯುಧಗಳನ್ನು ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಒಯ್ದು ಶುಚಿ ಮಾಡಿ ಪೂಜಿಸುತ್ತಾರೆ. ನಮ್ಮ ಮನೆಗಳಲ್ಲಿ ನೇಗಿಲು, ಕುಡುಗೋಲು, ಗಾಡಿ ಎಲ್ಲಕ್ಕೂ ಪೂಜೆ. ಪೂಜೆ ಮಾಡೋಣ, ಗಾಡಿಯನ್ನೂ ಕಾಪಾಡೋಣ.

ಅರಿಶಿನ, ಕುಂಕುಮವನ್ನು ಗಾಜಿನ ಮೇಲೆ ಒಂದು ಮೂಲೆಯಲ್ಲಿ ಇಡಿ. ಓಡಿಸುವವರ ಕಣ್ಣಿಗೆ ಅಡ್ಡ ಬರಬಾರದು. ತಿಳಿ ಬಣ್ಣದ ಗಾಡಿಯ ಮೈಮೇಲೆ ಕುಂಕುಮ ದಿನಗಟ್ಟಲೆ ಉಳಿದರೆ ಕಲೆ ಹೋಗುವುದಿಲ್ಲ. ಬಾಳೆ ಕಂದನ್ನು ಬಣ್ಣಕ್ಕೆ ತಾಗದಂತೆ ಕಟ್ಟಿ. ನಿಂಬೆ ರಸ ಸಿಡಿದರೆ ಆಗಲೇ ನೀರು ಹಾಕಿ. ಬೂದುಗುಂಬಳ ಒಡೆದ ಮೇಲೆ ಚೂರುಗಳನ್ನು ರಸ್ತೆಯಿಂದ ಬಾಚಿ ತೆಗೆಯಿರಿ. ಅದರ ಮೇಲೆ ಬೈಕಿನವರು ಜಾರಿ ಬೀಳುತ್ತಾರೆ. ಅವರೂ ಯಾರದೋ ಮನೆ ಮಕ್ಕಳು.

ಹೊಳೆಗೆ ಗಾಡಿ ಇಳಿಸಬೇಡಿ

ಹುಣಸೂರಿನ ಲಕ್ಷ್ಮಣತೀರ್ಥ, ಚುಂಚನಕಟ್ಟೆಯ ಕಾವೇರಿ, ಎಚ್.ಡಿ.ಕೋಟೆಯ ಕಬಿನಿ, ಊರ ಕೆರೆ. ಇವೆಲ್ಲ ನಮ್ಮ ಜೀವನಾಡಿ. ಗಾಡಿಯನ್ನು ಹೊಳೆಗೆ ಇಳಿಸಿ ತೊಳೆದರೆ ಎಣ್ಣೆ, ಗ್ರೀಸು, ಸೋಪು ಎಲ್ಲಾ ನೀರಿಗೆ ಸೇರುತ್ತದೆ. ಅದೇ ನೀರನ್ನು ದನ ಕುಡಿಯುತ್ತದೆ. ಅದೇ ನೀರಿನಲ್ಲಿ ನಾವು ಬಟ್ಟೆ ಒಗೆಯುತ್ತೇವೆ. ಲಕ್ಷ್ಮಣತೀರ್ಥ ಕೊಡಗಿನಲ್ಲಿ ಹುಟ್ಟಿ, ಹುಣಸೂರು ದಾಟಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ನಾವು ಬಿಟ್ಟ ಕೊಳೆ ಕೆಳಗಿನ ಊರಿನವರ ಕೊಡಕ್ಕೆ ಹೋಗುತ್ತದೆ. ಹೊಳೆಗೆ, ಬಾವಿಗೆ ಮಲಿನ ವಸ್ತು ಬಿಡಬಾರದು ಎಂದು 1974ರಲ್ಲೇ ಕಾಯಿದೆ ಬಂದಿದೆ.

ಮನೆಯಲ್ಲಿ ಮೂರು ನಾಲ್ಕು ಬಕೆಟ್ ನೀರಿನಲ್ಲಿ ಒಂದು ಕಾರು ತೊಳೆಯಬಹುದು. ಪೈಪು ಬಿಟ್ಟುಕೊಂಡು ನಿಂತರೆ ಎಷ್ಟು ಕೊಡ ಹೋಗುತ್ತದೋ ಲೆಕ್ಕವೇ ಇಲ್ಲ.

ಈಗ ಅತ್ತಿಗೆ

ಅತ್ತಿಗೆಯ ಕಾರಿನ ಗೀರು ಪೂರ್ತಿ ಹೋಗಲಿಲ್ಲ. ಹತ್ತಿರ ಹೋದರೆ ಇವತ್ತಿಗೂ ಕಾಣುತ್ತದೆ. ಆದರೆ ಆಮೇಲೆ ಹೊಸ ಗೀರು ಬಿದ್ದಿಲ್ಲ.

ಮಳೆಗಾಲದಲ್ಲಿ ಒಂದು ದಿನ ಕಾರು ಒರೆಸುವಾಗ ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದದ್ದು ಅತ್ತಿಗೆಗೆ ಕಂಡಿತು. ಬಾಗಿಲ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳು ಇರುತ್ತವೆ. ಕೆಸರು ಕಟ್ಟಿ ಅವು ಮುಚ್ಚಿದ್ದವು. ಅತ್ತಿಗೆ ತೆಳ್ಳನೆ ಕಡ್ಡಿಯಿಂದ ಬಿಡಿಸಿದರು. ಒಳಗೆ ನಿಂತ ನೀರು ಸೋರಿ ಹೋಯಿತು. ತುಕ್ಕು ಇನ್ನೂ ಬೆರಳಿನ ಉಗುರಿನಷ್ಟೇ ಇತ್ತು. ಟಿಂಕರಿಂಗ್ ಅಂಗಡಿಯಲ್ಲಿ ಅಷ್ಟನ್ನೇ ಉಜ್ಜಿ ಬಣ್ಣ ಹಚ್ಚಿದರು. ಸ್ವಲ್ಪ ಖರ್ಚಿನಲ್ಲಿ ಮುಗಿಯಿತು. "ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಬಾಗಿಲೇ ಬದಲಿಸಬೇಕಿತ್ತು" ಎಂದರು ಆ ಹಿರಿಯರು.

ಅಣ್ಣ ಏನೂ ಮಾತಾಡಲಿಲ್ಲ. ಆ ಸಂಜೆ ತಾನೇ ಎರಡು ಬಕೆಟ್ ನೀರು ಸೇದಿ ತಂದಿಟ್ಟ. "ಎಲ್ಲಿಂದ ಶುರು ಮಾಡ್ಬೇಕು, ಹೇಳು" ಎಂದು ಅತ್ತಿಗೆಯನ್ನೇ ಕೇಳಿದ.

ಶಾಂಪೂ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬಳಸುವ ವಿಧಾನ ಇತ್ತು. ಅತ್ತಿಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ" ಎಂದರು. ಅಣ್ಣ ಒಂದೇ ಮುಚ್ಚಳ ಹಾಕಿದ.

ನೆನಪಿಡಿ

ನೆರಳಿನಲ್ಲಿ ತೊಳೆಯಿರಿ.
ಮೊದಲು ನೀರು, ಆಮೇಲೆ ಬಟ್ಟೆ.
ತಂತಿ ನಾರು, ಸೋಪಿನ ಪುಡಿ, ಸೀಮೆಎಣ್ಣೆ ಬೇಡ.
ತೊಳೆದ ಕೂಡಲೇ ಒರೆಸಿ.
ತುಕ್ಕು ಸಣ್ಣದಿರುವಾಗಲೇ ತೋರಿಸಿ.
ಗಾಡಿಯನ್ನು ಹೊಳೆಗೆ, ಕೆರೆಗೆ ಇಳಿಸಬೇಡಿ.

ಯೋಚಿಸಿ, ಹೇಳಿ

1. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಏನಾಗುತ್ತದೆ?
2. ಕಾರಿಗೂ ಕೆಸುವಿನ ಎಲೆಗೂ ಏನು ಹೋಲಿಕೆ?
3. ನಿಮ್ಮ ಊರಿನಲ್ಲಿ ಗಾಡಿಗಳನ್ನು ಎಲ್ಲಿ ತೊಳೆಯುತ್ತಾರೆ? ಆ ನೀರು ಎಲ್ಲಿಗೆ ಹೋಗುತ್ತದೆ?
4. ನಿಮ್ಮ ಮನೆಯ ಗಾಡಿಯ ಆರ್.ಸಿ. ಯಾರ ಹೆಸರಿನಲ್ಲಿದೆ? ತೆಗೆದು ನೀವೇ ಓದಿ ನೋಡಿ.