ಕೈಮರವೂ ಊರೂ

ನಮ್ಮ ಪರಿಚಯದ ನಾಲ್ವರು ವಿದ್ಯಾರ್ಥಿಗಳು ತಮ್ಮ ಊರಿನ ಕೆರೆಯ ನೀರನ್ನು ಪರೀಕ್ಷಿಸುವ ಕೆಲಸವನ್ನು ಕೈಗೊಂಡಿದ್ದರು. ಎಂಟು ತಿಂಗಳ ಕಾಲ ವಾರಕ್ಕೊಮ್ಮೆ ನೀರನ್ನು ತಂದು, ಅದರ ಉಷ್ಣತೆ, ಆಮ್ಲತೆ, ಅದರಲ್ಲಿ ಕರಗಿದ ಆಮ್ಲಜನಕ ಇವುಗಳನ್ನು ಅಳೆದು, ಅಂಕಿಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟರು. ಆ ಕಡತವಿದ್ದುದು ಅವರಾರ ಮನೆಯ ಕಂಪ್ಯೂಟರಿನಲ್ಲಿಯೂ ಅಲ್ಲ. ‘ಕ್ಲೌಡ್’ ಎಂದು ಕರೆಯಲಾಗುವ, ಅಂತರ್ಜಾಲದ ಆಚೆಯ ದೂರದ ಉಗ್ರಾಣದಲ್ಲಿ. ನಾಲ್ವರ ಫೋಲ್ಡರುಗಳಲ್ಲಿಯೂ ಅದರ ಹೆಸರು ಕಾಣುತ್ತಿತ್ತು. ಆದುದರಿಂದ ನಾಲ್ಕು ಪ್ರತಿಗಳಿವೆಯೆಂದೇ ಅವರು ನಂಬಿದ್ದರು. ನಾಲ್ವರಲ್ಲಿ ಒಬ್ಬಳು ಉಳಿದವರಿಗಿಂತ ಒಂದು ವರ್ಷ ಹಿರಿಯಳು. ಆಕೆ ವ್ಯಾಸಂಗವನ್ನು ಮುಗಿಸಿ ಹೊರಟುಹೋದಳು; ಕೆಲವು ತಿಂಗಳಲ್ಲಿ, ಕಾಲೇಜು ಆಕೆಗೆ ಕೊಟ್ಟಿದ್ದ ಖಾತೆಯೂ ರದ್ದಾಯಿತು. ವರದಿಯನ್ನು ಬರೆಯಲು ಕುಳಿತ ಮೂವರು ಫೋಲ್ಡರನ್ನು ತೆರೆದು ನೋಡುತ್ತಾರೆ: ಹೆಸರು ಇದ್ದಲ್ಲಿಯೇ ಇದೆ, ಒತ್ತಿದರೆ ಕಡತವಿಲ್ಲ!

ಆ ಮೂವರ ಬಳಿ ಇದ್ದುದು ಕಡತವಲ್ಲ, ಕಡತದ ಕಡೆಗೆ ಕೈತೋರಿಸುವ ಒಂದು ಗುರುತು. ಇದಕ್ಕೆ ಶಾರ್ಟ್‌ಕಟ್ ಎಂದು ಹೆಸರು. ಕವಲುದಾರಿಯಲ್ಲಿ ನಿಂತು ಇಂಥ ಊರು ಈ ಕಡೆಗೆ ಇದೆಯೆಂದು ತೋರಿಸುವ ಕೈಮರವನ್ನು ವಾಚಕರು ಕಂಡೇ ಇರುತ್ತೀರಿ. ಕೈಮರದ ಮೇಲೆ ಊರಿನ ಹೆಸರಿರುತ್ತದೆಯೇ ಹೊರತು ಊರಿರುವುದಿಲ್ಲ. ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿಹೋದರೂ, ಯಾರಾದರೂ ಕಿತ್ತುಹಾಕುವವರೆಗೆ ಕೈಮರ ತನ್ನ ಪಾಡಿಗೆ ಅದೇ ದಿಕ್ಕನ್ನು ತೋರಿಸುತ್ತಲೇ ಇರುತ್ತದೆ.

ಹಾಗಾದರೆ ಈ ಗುರುತಿನ ಗೊಡವೆಯೇ ಬೇಡ, ನಾಲ್ಕು ಪ್ರತಿಗಳನ್ನೇ ಮಾಡಿಕೊಳ್ಳಬಾರದೇಕೆ ಎಂದು ಕೇಳಬಹುದು. ಮಾಡಿಕೊಳ್ಳಬಹುದು. ಆದರೆ ಒಬ್ಬನು ತನ್ನ ಪ್ರತಿಯಲ್ಲಿ ಒಂದು ತಪ್ಪು ಅಂಕಿಯನ್ನು ತಿದ್ದಿದರೆ ಮಿಕ್ಕ ಮೂರರಲ್ಲಿ ತಪ್ಪು ಹಾಗೆಯೇ ಉಳಿಯುತ್ತದೆ. ತಿಂಗಳು ಕಳೆಯುವುದರೊಳಗೆ ನಾಲ್ಕು ಪ್ರತಿಗಳು ನಾಲ್ಕು ಬಗೆಯಾಗಿ, ಯಾವುದು ಸರಿಯೆಂದು ಹೇಳುವವರೇ ಇಲ್ಲವಾಗುತ್ತಾರೆ. ಒಂದೇ ಕಡತವಿದ್ದು ಅದಕ್ಕೆ ಹಲವು ಕಡೆಯಿಂದ ದಾರಿಯಿದ್ದರೆ ಈ ಗೊಂದಲವಿಲ್ಲ; ಉಗ್ರಾಣದಲ್ಲಿ ಜಾಗವೂ ಉಳಿಯುತ್ತದೆ.

ಹಳೆಯ ಗ್ರಂಥಾಲಯಗಳು ಇದೇ ಉಪಾಯವನ್ನು ಬಳಸುತ್ತಿದ್ದವು. ಗ್ರಂಥಕರ್ತನ ಹೆಸರಿನಲ್ಲಿ ಒಂದು, ಪುಸ್ತಕದ ಹೆಸರಿನಲ್ಲಿ ಒಂದು, ವಿಷಯದ ಹೆಸರಿನಲ್ಲಿ ಒಂದು, ಹೀಗೆ ಒಂದು ಪುಸ್ತಕಕ್ಕೆ ಮೂರು ಕಾರ್ಡುಗಳು. ಮೂರರ ಮೇಲೆಯೂ ಒಂದೇ ಕ್ರಮಾಂಕ. ಕಪಾಟಿನಲ್ಲಿ ಪುಸ್ತಕವೂ ಒಂದೇ.

ಕಂಪ್ಯೂಟರಿಗೆ ಈ ವಿಚಾರ ಹೊಸತೇನೂ ಅಲ್ಲ. ಮಲ್ಟಿಕ್ಸ್ ಎಂಬ ವ್ಯವಸ್ಥೆಯ ಕಡತಗಳ ಏರ್ಪಾಡನ್ನು ವಿವರಿಸಿ ಡೇಲಿ ಮತ್ತು ನ್ಯೂಮನ್ ೧೯೬೫ರಲ್ಲಿ ಪ್ರಕಟಿಸಿದ ಲೇಖನದಲ್ಲಿಯೇ ‘ಕೊಂಡಿ’ಯ ಕಲ್ಪನೆಯುಂಟು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯು ಅದಕ್ಕೆ ಬಹಳ ಸೊಗಸಾದ ರೂಪವನ್ನು ಕೊಟ್ಟಿತು. ಅಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ಸಂಖ್ಯೆಯುಂಟು. ಕಡತದ ಗಾತ್ರವೆಷ್ಟು, ಒಡೆಯರಾರು, ಡಿಸ್ಕಿನ ಯಾವ ಭಾಗದಲ್ಲಿ ಅದು ಕುಳಿತಿದೆ ಎಂಬ ವಿವರಗಳೆಲ್ಲ ಆ ಸಂಖ್ಯೆಯ ದಾಖಲೆಯಲ್ಲಿರುತ್ತವೆ. ಈ ದಾಖಲೆಯನ್ನು ‘ಐನೋಡ್’ ಎನ್ನುತ್ತಾರೆ. ಸೋಜಿಗವೆಂದರೆ, ಕಡತದ ಹೆಸರು ಮಾತ್ರ ಅದರಲ್ಲಿ ಇಲ್ಲವೇ ಇಲ್ಲ! ಹೆಸರಿರುವುದು ಫೋಲ್ಡರಿನಲ್ಲಿ. ಫೋಲ್ಡರೆಂದರೆ ಬೇರೇನೂ ಅಲ್ಲ, ಇಂಥ ಹೆಸರಿಗೆ ಇಂಥ ಸಂಖ್ಯೆ ಎಂದು ಬರೆದಿಟ್ಟ ಒಂದು ಪಟ್ಟಿ. ಆದುದರಿಂದ ಎರಡು ಪಟ್ಟಿಗಳಲ್ಲಿ ಎರಡು ಹೆಸರುಗಳ ಎದುರಿಗೆ ಒಂದೇ ಸಂಖ್ಯೆಯನ್ನು ಬರೆಯಲು ಅಡ್ಡಿಯೇನೂ ಇಲ್ಲ. ಮನೆಯಲ್ಲಿ ಪುಟ್ಟಣ್ಣ, ಶಾಲೆಯ ಹಾಜರಿ ಪುಸ್ತಕದಲ್ಲಿ ವೆಂಕಟೇಶ, ಹುಡುಗನೊಬ್ಬನೇ. ಇವುಗಳಲ್ಲಿ ಯಾವುದು ಮೂಲ, ಯಾವುದು ನಕಲು ಎಂಬ ಪ್ರಶ್ನೆಯೇ ಏಳುವುದಿಲ್ಲ. ಇದನ್ನು ಗಟ್ಟಿ ಕೊಂಡಿ ಎನ್ನೋಣ. ಒಂದು ಹೆಸರನ್ನು ಅಳಿಸಿದರೆ ಕಡತ ಹೋಗುವುದಿಲ್ಲ; ಕಟ್ಟಕಡೆಯ ಹೆಸರು ಅಳಿದಾಗ ಮಾತ್ರ ಹೋಗುತ್ತದೆ. ನಮ್ಮ ವಿದ್ಯಾರ್ಥಿಗಳು ಮನಸ್ಸಿನಲ್ಲಿ ಎಣಿಸಿಕೊಂಡಿದ್ದುದು ಬಹುಶಃ ಇಂಥದೇ ಏರ್ಪಾಡನ್ನು.

ಎರಡನೆಯ ಬಗೆಯದು ಮೆದು ಕೊಂಡಿ. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಿಂದ ೧೯೮೩ರಲ್ಲಿ ಹೊರಬಿದ್ದ ಯುನಿಕ್ಸ್ ಆವೃತ್ತಿಯಲ್ಲಿ ಇದು ಬಳಕೆಗೆ ಬಂದಿತು. ಇಂಥ ಫೋಲ್ಡರಿನ ಒಳಗೆ ಇಂಥ ಹೆಸರಿನ ಕಡತವೆಂದು ವಿಳಾಸವನ್ನು ಬರೆದಿಟ್ಟ ಒಂದು ಚೀಟಿ ಇದು. ಕಡತವನ್ನು ಬೇರೆಡೆಗೆ ಸರಿಸಿದರೆ ಚೀಟಿ ಸುಳ್ಳಾಗುತ್ತದೆ. ಮ್ಯಾಕಿಂಟಾಷ್ ಕಂಪ್ಯೂಟರುಗಳಲ್ಲಿ ೧೯೯೧ರಲ್ಲಿ ಬಂದ ‘ಏಲಿಯಾಸ್’, ವಿಳಾಸದೊಡನೆ ಕಡತದ ಗುರುತುಸಂಖ್ಯೆಯನ್ನೂ ಬರೆದಿಟ್ಟುಕೊಂಡು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. ಚಿತ್ರದ ಮೂಲೆಯಲ್ಲಿ ಪುಟ್ಟ ಬಾಣವಿರುವ ಶಾರ್ಟ್‌ಕಟ್ಟನ್ನು ಮನೆಮನೆಗೂ ಪರಿಚಯಿಸಿದ್ದು ೧೯೯೫ರ ವಿಂಡೋಸ್.

ಈಗ ಕ್ಲೌಡಿಗೆ ಬರೋಣ. ೨೦೧೨ರಲ್ಲಿ ಆರಂಭವಾದ ಗೂಗಲ್ ಡ್ರೈವಿನಲ್ಲಿ ಪ್ರತಿ ಕಡತಕ್ಕೂ ಅಕ್ಷರಗಳೂ ಅಂಕಿಗಳೂ ಬೆರೆತ ಉದ್ದನೆಯ ಗುರುತೊಂದಿದೆ. ಕಡತದ ಕೊಂಡಿಯನ್ನು ಗೆಳೆಯನಿಗೆ ಕಳುಹಿಸುವಾಗ ಅದರ ನಡುವೆ ಕಾಣುವ ಅರ್ಥವಿಲ್ಲದ ಸಾಲು ಅದೇ. ಕಡತದ ಹೆಸರನ್ನು ಬದಲಿಸಿದರೂ, ಬೇರೆ ಫೋಲ್ಡರಿಗೆ ಸರಿಸಿದರೂ ಈ ಗುರುತು ಬದಲಾಗದು. ಆದುದರಿಂದ ಕೊಂಡಿಯೂ ಕೆಡದು. ಮೊದಲ ಕೆಲವು ವರ್ಷಗಳಲ್ಲಿ ಇಲ್ಲಿಯೂ ಒಂದೇ ಕಡತವು ಹಲವು ಫೋಲ್ಡರುಗಳಲ್ಲಿ ಇರಬಹುದಾಗಿತ್ತು. ಆ ಅವಕಾಶವನ್ನು ೨೦೨೦ರ ಸೆಪ್ಟೆಂಬರ್ ೩೦ರಿಂದ ನಿಲ್ಲಿಸಲಾಯಿತು. ಈಗ ಕಡತಕ್ಕೆ ಸ್ಥಾನ ಒಂದೇ; ಉಳಿದ ಕಡೆಗಳಲ್ಲಿ ಶಾರ್ಟ್‌ಕಟ್ಟುಗಳು.

ಸೊಗಸಾದ ಏರ್ಪಾಡನ್ನು ಕೈಬಿಟ್ಟಿದ್ದೇಕೆ? ಹಲವರು ಕೂಡಿ ಬಳಸುವ ಉಗ್ರಾಣದಲ್ಲಿ ಅದು ತೊಡಕಿನದು. ಒಂದು ಫೋಲ್ಡರನ್ನು ಅಧ್ಯಾಪಕರೊಡನೆ, ಮತ್ತೊಂದನ್ನು ಗೆಳೆಯರೊಡನೆ ಹಂಚಿಕೊಂಡಿದ್ದೀರೆಂದು ಭಾವಿಸಿ. ಫೋಲ್ಡರನ್ನು ನೋಡಬಲ್ಲವರು ಸಾಮಾನ್ಯವಾಗಿ ಅದರೊಳಗಿನ ಕಡತವನ್ನೂ ನೋಡಬಲ್ಲರು. ಒಂದೇ ಕಡತ ಎರಡರಲ್ಲಿಯೂ ಇದ್ದರೆ ಅದು ಯಾರು ಯಾರ ಕಣ್ಣಿಗೆ ಬೀಳುತ್ತದೆಂದು ಲೆಕ್ಕವಿಡುವುದು ಕಷ್ಟವಾಗುತ್ತದೆ. ಫೋಲ್ಡರುಗಳಿಗಂತೂ ಇನ್ನೊಂದು ಅಪಾಯವಿದೆ: ‘ಅ’ದೊಳಗೆ ‘ಆ’, ‘ಆ’ದೊಳಗೆ ಮತ್ತೆ ‘ಅ’ ಇದ್ದರೆ, ಒಟ್ಟು ಗಾತ್ರವನ್ನು ಎಣಿಸಹೊರಟ ಪ್ರೋಗ್ರಾಮು ಗಾಣದ ಎತ್ತಿನಂತೆ ಸುತ್ತುತ್ತಲೇ ಇರಬೇಕು!

ಶಾರ್ಟ್‌ಕಟ್ಟು ಅನುಮತಿಯನ್ನು ಹೊತ್ತು ತರುವುದಿಲ್ಲ. ನಿಮ್ಮ ಕಡತದ ಶಾರ್ಟ್‌ಕಟ್ಟನ್ನು ಹಂಚಿಕೊಂಡ ಫೋಲ್ಡರಿನಲ್ಲಿ ಇಟ್ಟಮಾತ್ರಕ್ಕೆ ಗೆಳೆಯನಿಗೆ ಅದು ತೆರೆಯದು. ಮೂಲ ಕಡತಕ್ಕೇ ಅವನ ಹೆಸರನ್ನು ಸೇರಿಸಬೇಕು. ಅಲ್ಲಿಯವರೆಗೆ ಅದು ಅವನ ಪಾಲಿಗೆ ಕನ್ನಡಿಯೊಳಗಿನ ಗಂಟು. ಶಾರ್ಟ್‌ಕಟ್ಟನ್ನು ಅಳಿಸಿದರೆ ಮೂಲಕ್ಕೆ ಯಾವ ಹಾನಿಯೂ ಇಲ್ಲ. ಒಡೆಯರು ಮೂಲವನ್ನು ಕಸದ ಬುಟ್ಟಿಗೆ ಹಾಕಿದರೆ ಅದು ಅಲ್ಲಿ ೩೦ ದಿನವಿದ್ದು ಆಮೇಲೆ ಶಾಶ್ವತವಾಗಿ ಅಳಿದುಹೋಗುತ್ತದೆ. ಬಾಣದ ಗುರುತುಗಳು ಮಾತ್ರ ಅನಾಥವಾಗಿ ಉಳಿಯುತ್ತವೆ.

ಕೆರೆಯ ಅಂಕಿಗಳ ಒಡೆತನ ಹಿರಿಯಳ ಖಾತೆಯದಾಗಿತ್ತು. ಖಾತೆಯೊಡನೆ ಕಡತವೂ ಹೋಯಿತು. ಅದು ರದ್ದಾಗುವ ಮುನ್ನ ಕಾಲೇಜಿನೊಳಗೇ ಮತ್ತೊಬ್ಬರಿಗೆ ಒಡೆತನವನ್ನು ವರ್ಗಾಯಿಸಬಹುದಾಗಿತ್ತು. ಸಂಸ್ಥೆಗೇ ಸೇರಿದ ‘ಶೇರ್ಡ್ ಡ್ರೈವ್’ ಇದ್ದಿದ್ದರೆ ಮೊದಲಿನಿಂದಲೇ ಅಲ್ಲಿ ಇಡಬಹುದಾಗಿತ್ತು, ಏಕೆಂದರೆ ಅಲ್ಲಿನ ಕಡತಗಳಿಗೆ ವ್ಯಕ್ತಿ ಒಡೆಯನಲ್ಲ. ಏನೂ ಆಗದಿದ್ದರೆ ಒಬ್ಬರಾದರೂ ‘ಪ್ರತಿ ಮಾಡು’ ಎಂಬುದನ್ನು ಒತ್ತಬಹುದಾಗಿತ್ತು. ಹಾಗೆ ಮಾಡಿದ ಪ್ರತಿಗೆ, ಮಾಡಿದವರೇ ಒಡೆಯರು. ಇದಕ್ಕೆ ಹಿಡಿಯುವುದು ಅರ್ಧ ನಿಮಿಷ. ತಮ್ಮ ಫೋಲ್ಡರಿನಲ್ಲಿ ಇರುವುದು ಊರೋ ಕೈಮರವೋ ಎಂದು ಸಂಶಯವಿದ್ದವರು ಕಡತದ ಚಿತ್ರದ ಮೂಲೆಯಲ್ಲಿ ಬಾಣವಿದೆಯೆ ಎಂದು ಮೊದಲು ನೋಡಬೇಕು. ಆಮೇಲೆ ಅದರ ವಿವರಗಳನ್ನು ತೆರೆದು ‘ಮಾಲೀಕರು’ ಎಂಬಲ್ಲಿ ಯಾರ ಹೆಸರಿದೆಯೆಂದು ಓದಬೇಕು. ಆ ಮೂವರು ವಿದ್ಯಾರ್ಥಿಗಳು ಈಗ ಅದೇ ಕೆರೆಯ ನೀರನ್ನು ಎರಡನೆಯ ಸಲ ಅಳೆಯುತ್ತಿದ್ದಾರೆ.