‘ಸಿಸ್ಟಂ ತಗೋತಿಲ್ಲ’, ಯಾಕೆ?

ಗೌನಿಪಲ್ಲಿ ಕಡೆಯ ವೃದ್ಧರು ಪಿಂಚಣಿಗೆಂದು ನಾಡಕಚೇರಿಗೆ ಹೋದರೆ ಕಿವಿಗೆ ಬೀಳಬಹುದಾದ ಮಾತು ‘ಸಿಸ್ಟಂ ತಗೋತಿಲ್ಲ’. ಯಾವ ಷರತ್ತಿಗೆ ತಗೋತಿಲ್ಲ ಅನ್ನುವುದು ಎಷ್ಟೋ ಸಲ ಕೌಂಟರಿನ ಆಚೆ ಕೂತವರಿಗೂ ತಿಳಿದಿರುವುದಿಲ್ಲ.

ಕಾನೂನನ್ನು ಕಂಪ್ಯೂಟರಿನೊಳಗೆ ಕೂರಿಸುವುದು ನಮಗೆ ಹೊಸದಲ್ಲ. 2001ರ ಹೊತ್ತಿಗೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಖಾತೆ ಬದಲಾವಣೆಯಲ್ಲಿ ‘ಮೊದಲು ಬಂದವರಿಗೆ ಮೊದಲು’ ಎಂಬ ನಿಯಮ ತಂತ್ರಾಂಶದಲ್ಲೇ ಇತ್ತು. ಪ್ರಭಾವಿಗಳ ಅರ್ಜಿ ಸಾಲು ಹಾರುವಂತಿರಲಿಲ್ಲ. ಅಷ್ಟರಮಟ್ಟಿಗೆ ಅದು ದೊಡ್ಡ ಕೆಲಸವೇ. ಆದರೆ ಕೋಡ್ ಬರೆಯುವವರು ಇಂಜಿನಿಯರುಗಳು, ಕಾನೂನು ಬಲ್ಲವರು ಬೇರೆಯವರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದಲಾರರು.

ಕಾಯ್ದೆಯನ್ನೇ ನೇರವಾಗಿ ಗಣಕ ನಿಯಮವಾಗಿಸುವ ಯತ್ನ ಹಳೆಯದು. 1986ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಬ್ರಿಟನ್ನಿನ ಪೌರತ್ವ ಕಾಯ್ದೆಯನ್ನು ಪ್ರೋಲಾಗ್ ಎಂಬ ಗಣಕ ಭಾಷೆಗೆ ಇಳಿಸಿ ತೋರಿಸಿದರು. ಅದು ಪಂಡಿತರ ಆಟವಾಗಿತ್ತು. ಈಗಿನ ಸಲಕರಣೆಗಳು ವಕೀಲರ ಕೈಗೆ ಸಿಗುವಂಥವು. ಕೆನಡಾದ ವಕೀಲ ಜೇಸನ್ ಮಾರಿಸ್ ರೂಪಿಸಿದ ‘ಬ್ಲಾಕ್ಸ್’ನಲ್ಲಿ ಕೋಡ್ ಟೈಪ್ ಮಾಡುವುದೇ ಬೇಡ. ಶಾಲಾ ಮಕ್ಕಳು ಸ್ಕ್ರಾಚ್‌ನಲ್ಲಿ ಬಣ್ಣದ ತುಂಡುಗಳನ್ನು ಜೋಡಿಸುತ್ತಾರಲ್ಲ, ಹಾಗೆಯೇ. ವೃದ್ಧರಿಗೆ ಪಿಂಚಣಿ ಕೊಡುವ ನಮ್ಮ ಸಂಧ್ಯಾ ಸುರಕ್ಷಾ ಯೋಜನೆಯನ್ನೇ ತೆಗೆದುಕೊಳ್ಳಿ. ‘ವಯಸ್ಸು 65 ತುಂಬಿರಬೇಕು’ ಒಂದು ತುಂಡು, ‘ಆದಾಯ ಮಿತಿಯೊಳಗಿರಬೇಕು’ ಇನ್ನೊಂದು, ‘ಬೇರೆ ಪಿಂಚಣಿ ಇರಬಾರದು’ ಮತ್ತೊಂದು. ಜೋಡಿಸಿ, ಅರ್ಜಿದಾರರ ವಿವರ ಕೊಟ್ಟರೆ ಉತ್ತರದ ಜೊತೆಗೆ ಕಾರಣವನ್ನೂ ಹೇಳುತ್ತದೆ. ಆ ಕಾರಣವೇ ನಮಗೆ ಬೇಕಾದದ್ದು.

ಫ್ರಾನ್ಸಿನ ‘ಕಟಾಲಾ’ ಎಂಬ ಗಣಕ ಭಾಷೆ ಇದಕ್ಕಿಂತ ಗಂಭೀರ. ಕಾಯ್ದೆಯ ಪ್ರತಿ ಪ್ಯಾರಾದ ಕೆಳಗೇ ಅದರ ಕೋಡ್. ವಕೀಲ, ಇಂಜಿನಿಯರ್ ಒಟ್ಟಿಗೆ ಕೂತು ಬರೆಯುತ್ತಾರೆ. ಕಾನೂನಿನ ತುಂಬ ಇರುವ ‘ಆದರೆ ಇಂಥ ಸಂದರ್ಭದಲ್ಲಿ ಅನ್ವಯಿಸದು’ ಎಂಬ ವಿನಾಯಿತಿಗಳಿಗೂ ಅಲ್ಲಿ ಜಾಗವಿದೆ. 2011ರಲ್ಲಿ ಅದೇ ದೇಶದಲ್ಲಿ ಶುರುವಾದ ‘ಓಪನ್‌ಫಿಸ್ಕಾ’ ತೆರಿಗೆ, ಸಹಾಯಧನಗಳ ಲೆಕ್ಕ ಮಾಡುತ್ತದೆ.

ಆದಾಯ ಪ್ರಮಾಣಪತ್ರವೇ ಸುಳ್ಳಾಗಿದ್ದರೆ ಇವು ಯಾವುವೂ ಕಂಡುಹಿಡಿಯಲಾರವು, ಆ ಮಾತು ಬೇರೆ.

ಕಂದಾಯ ಇಲಾಖೆ ಯೋಜನೆಯ ಆದೇಶದ ಜೊತೆಗೇ ಅದರ ಗಣಕ ನಿಯಮವನ್ನೂ ಕನ್ನಡದಲ್ಲಿ ಪ್ರಕಟಿಸಲಿ. ಕಾನೂನು ಕಾಲೇಜಿನ ವಿದ್ಯಾರ್ಥಿಗಳೇ, ಬ್ಲಾಕ್ಸ್, ಕಟಾಲಾ, ಓಪನ್‌ಫಿಸ್ಕಾ ಮೂರೂ ಮುಕ್ತ ತಂತ್ರಾಂಶಗಳು. ನಿಮ್ಮೂರಿನ ಒಂದು ಪಿಂಚಣಿ ನಿಯಮದಿಂದಲೇ ಶುರುಮಾಡಿ.