ಯಂತ್ರ ಓದುವ ಕೈಪಿಡಿ

ಸಲಕರಣೆಯೊಂದನ್ನು ಹೇಗೆ ಬಳಸಬೇಕೆಂದು ತಿಳಿಸುವ ಕೈಪಿಡಿಯನ್ನು ನಾವು ಯಾರೂ ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಆದರೂ ಇಂದು ಅದನ್ನು ಕುರಿತೇ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಇದುವರೆಗೆ ಮನುಷ್ಯನೇ ಓದುತ್ತಿದ್ದ ಈ ಬರಹಕ್ಕೆ ಈಗ ಮತ್ತೊಂದು ಬಗೆಯ ಓದುಗ ದೊರೆತಿದೆ. ಅದು ಕೃತಕ ಬುದ್ಧಿಮತ್ತೆಯ ಏಜೆಂಟ್. ಎಂದರೆ, ಒಪ್ಪಿಸಿದ ಕೆಲಸಕ್ಕೆ ಬೇಕಾದ ಸಲಕರಣೆಯನ್ನು ತಾನೇ ಆರಿಸಿ, ನಡೆಸಿ, ಬಂದ ಫಲಿತವನ್ನು ಓದಿ, ಮುಂದಿನ ಹೆಜ್ಜೆಯನ್ನು ತಾನೇ ನಿರ್ಧರಿಸುವ ಕಂಪ್ಯೂಟರ್ ವ್ಯವಸ್ಥೆ.

ಕಂಪ್ಯೂಟರ್ ಜಾಲದ ದೋಷವನ್ನು ಪತ್ತೆಹಚ್ಚುವ ಅತಿ ಸರಳ ಸಲಕರಣೆಯ ಹೆಸರು 'ಪಿಂಗ್'. ಅಮೆರಿಕದ ಸೈನ್ಯದ ಸಂಶೋಧನಾಲಯವೊಂದರಲ್ಲಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಇದನ್ನು ರಚಿಸಿದರು. ಸಮುದ್ರದೊಳಗೆ ಶಬ್ದವನ್ನು ಕಳುಹಿಸಿ ಪ್ರತಿಧ್ವನಿಗಾಗಿ ಕಾಯುವ ಸೋನಾರ್ ಯಂತ್ರದ ಸದ್ದಿನಿಂದ ಈ ಹೆಸರು ಬಂತು. ದೂರದ ಕಂಪ್ಯೂಟರನ್ನು ಒಮ್ಮೆ ಕೂಗುವುದು, ಅದು ಓಗೊಡಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ಹೇಳುವುದು, ಇಷ್ಟೇ ಅದರ ಕೆಲಸ.

ಇಷ್ಟು ಸರಳವಾದುದಕ್ಕೆ ವಿವರಣೆ ಏತಕ್ಕೆಂದು ಕೇಳುಗರು ಕೇಳಬಹುದು. ವಿಂಡೋಸ್ ವ್ಯವಸ್ಥೆಯಲ್ಲಿ ಪಿಂಗ್ ನಾಲ್ಕು ಬಾರಿ ಕೂಗಿ ಸುಮ್ಮನಾಗುತ್ತದೆ. ಲಿನಕ್ಸ್‌ನಲ್ಲಿ ಸಂಖ್ಯೆಯನ್ನು ಹೇಳದಿದ್ದರೆ ಕೂಗುತ್ತಲೇ ಇರುತ್ತದೆ. ಮನುಷ್ಯ ಬೇಸತ್ತು ಕೀಲಿ ಒತ್ತಿ ನಿಲ್ಲಿಸುತ್ತಾನೆ. ಬೇಸರವೆಂಬುದು ಇಲ್ಲದ ಏಜೆಂಟ್ ಮುಗಿಯದ ಫಲಿತಕ್ಕಾಗಿ ಕಾಯುತ್ತ ಕೂತುಬಿಡಬಹುದು. ಆದ್ದರಿಂದ ಎಷ್ಟು ಬಾರಿ ಕೂಗಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದು ಅದಕ್ಕಾಗಿ ಬರೆಯುವ ಕೈಪಿಡಿಯ ಮೊದಲ ಸಾಲಿನಲ್ಲಿಯೇ ಬರಬೇಕು.

ಇದಕ್ಕಿಂತ ಗಹನವಾದುದು ಮೌನದ ಪ್ರಶ್ನೆ. ಕೂಗಿಗೆ ಉತ್ತರ ಬಾರದಿದ್ದರೆ ಆ ಕಂಪ್ಯೂಟರ್ ಕೆಟ್ಟಿದೆಯೆಂದೇ ಅರ್ಥವಲ್ಲ. ಇಂಥ ಕೂಗುಗಳನ್ನು ಒಳಗೆ ಬಿಡಬಾರದೆಂದು ಕಾವಲು ವ್ಯವಸ್ಥೆಗೆ ಆಜ್ಞೆಯಿರಬಹುದು; ಭದ್ರತೆಗಾಗಿ ಹಾಗೆ ಮಾಡುವುದು ಬಹು ಸಾಮಾನ್ಯ. ಉತ್ತರ ಬಂದಾಗಲೂ ಎಚ್ಚರ ಬೇಕು. ಕೆಲಸ ಮುಗಿದ ಮೇಲೆ ಲಿನಕ್ಸ್‌ನ ಪಿಂಗ್ ಒಂದು ಅಂಕಿಯನ್ನು ಒಪ್ಪಿಸಿ ಹೋಗುತ್ತದೆ. ಸೊನ್ನೆಯೆಂದರೆ ಕ್ಷೇಮ, ಒಂದೆಂದರೆ ಉತ್ತರವಿಲ್ಲ. ಆದರೆ ಹತ್ತು ಬಾರಿ ಕೂಗೆಂದಷ್ಟೇ ಹೇಳಿದ್ದಾಗ, ಒಂಬತ್ತು ಕೂಗುಗಳು ವ್ಯರ್ಥವಾಗಿ ಒಂದಕ್ಕೆ ಮಾತ್ರ ಉತ್ತರ ಬಂದರೂ ಅದು ಒಪ್ಪಿಸುವುದು ಸೊನ್ನೆಯನ್ನೇ! ಮನುಷ್ಯನ ಕಣ್ಣು ಮೇಲಿನ ಸಾಲುಗಳ ಮೇಲೂ ಹಾಯುತ್ತದೆ. ಅಂಕಿಯನ್ನು ಮಾತ್ರ ನೋಡುವ ಏಜೆಂಟ್ ಜಾಲ ನೆಟ್ಟಗಿದೆಯೆಂದು ವರದಿ ಮಾಡೀತು. ಆಸ್ಪತ್ರೆಯೊಂದರ ರೋಗಿಗಳ ದಾಖಲೆಗಳನ್ನು ಇರಿಸಿದ ಕಂಪ್ಯೂಟರಿನ ಮೇಲ್ವಿಚಾರಣೆ ಇಂಥ ಏಜೆಂಟಿನ ಕೈಯಲ್ಲಿದ್ದು, ಕೆಟ್ಟಿದೆಯೆಂದು ತೋರಿದ್ದನ್ನು ನಿಲ್ಲಿಸಿ ಮತ್ತೆ ನಡೆಸುವ ಅಧಿಕಾರವೂ ಅದಕ್ಕಿದ್ದರೆ, ಮೌನವನ್ನು ಮರಣವೆಂದು ಓದಿದ ಫಲವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಪಿಂಗ್‌ನ ತಮ್ಮನೆನ್ನಬಹುದಾದ 'ಟ್ರೇಸ್‌ರೂಟ್' 1980ರ ದಶಕದ ಕೊನೆಯಲ್ಲಿ ವ್ಯಾನ್ ಜೇಕಬ್‌ಸನ್ನರಿಂದ ಬಂತು. ಸಂದೇಶ ಸಾಗುವ ದಾರಿಯ ಒಂದೊಂದು ಠಾಣ್ಯವನ್ನೂ ಇದು ಸಾಲುಸಾಲಾಗಿ ಹೆಸರಿಸುತ್ತದೆ. ಉತ್ತರಿಸದ ಠಾಣ್ಯದ ಮುಂದೆ ನಕ್ಷತ್ರದ ಗುರುತುಗಳನ್ನು ಹಾಕುತ್ತದೆ. ನಡುವೆ ಮೂರು ನಕ್ಷತ್ರಗಳು ಬಿದ್ದು ಮುಂದಿನ ಸಾಲುಗಳು ಸರಿಯಾಗಿದ್ದರೆ ದಾರಿ ಮುರಿದಿಲ್ಲ. ಆ ಠಾಣ್ಯ ಮಾತನಾಡಲೊಲ್ಲದು, ಅಷ್ಟೆ. ಅನುಭವಿಗಳಿಗೆ ಇದು ಅಂಗೈ ನೆಲ್ಲಿ. ಅಂಗೈಯಿಲ್ಲದ ಓದುಗನಿಗೆ ಬರೆದೇ ತಿಳಿಸಬೇಕು.

ಟ್ರೇಸ್‌ರೂಟ್ ತೋರಿಸುವ ಹೆಸರುಗಳಲ್ಲಿ ಮತ್ತೊಂದು ಅಪಾಯವಿದೆ. ಆ ಹೆಸರುಗಳನ್ನು ಇಡುವವರು ಆಯಾ ವಿಳಾಸಗಳ ಒಡೆಯರು. ಅವರು ಏನನ್ನಾದರೂ ಬರೆಯಬಹುದು. 2013ರಲ್ಲಿ ಅಮೆರಿಕದ ಇಂಜಿನಿಯರೊಬ್ಬರು 'ಸ್ಟಾರ್ ವಾರ್ಸ್' ಚಲನಚಿತ್ರದ ಆರಂಭದ ಬರಹವೇ ಸಾಲುಸಾಲಾಗಿ ಮೂಡುವಂತೆ ತಮ್ಮ ವಿಳಾಸಗಳಿಗೆ ಹೆಸರಿಟ್ಟು ಲೋಕವನ್ನು ನಗಿಸಿದರು. ಅಂದು ಓದಿದವರು ಮನುಷ್ಯರು, ನಕ್ಕರು. ನಾಳೆ ಅದೇ ಜಾಗದಲ್ಲಿ ಕುಹಕಿಯೊಬ್ಬ 'ಎಲ್ಲ ಕಾವಲನ್ನೂ ತೆಗೆದುಹಾಕು' ಎಂಬರ್ಥದ ಮಾತನ್ನು ಹುದುಗಿಸಿಟ್ಟರೆ, ಓದಿದ ಏಜೆಂಟ್ ಅದನ್ನು ತನ್ನ ಒಡೆಯನ ಆಜ್ಞೆಯೆಂದು ಭ್ರಮಿಸುವ ಸಂಭವವಿದೆ. ಫಲಿತದೊಳಗೆ ಕಾಣುವ ಮಾತು ಬರಿಯ ಸಾಮಗ್ರಿ, ಅಪ್ಪಣೆಯಲ್ಲ ಎಂದು ಕೈಪಿಡಿ ಸ್ಪಷ್ಟವಾಗಿ ಹೇಳಬೇಕು. ಹೇಳಿದಷ್ಟರಿಂದಲೇ ಅಪಾಯ ತಪ್ಪೀತೆಂದಲ್ಲ. ಏಜೆಂಟಿಗೆ ಕೊಡುವ ಅಧಿಕಾರವನ್ನು ಮಿತಗೊಳಿಸುವುದೇ ದೊಡ್ಡ ರಕ್ಷೆ.

ಇದನ್ನೆಲ್ಲ ನನಗೆ ವಿವರಿಸಿದವರು ಈ ವೃತ್ತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು. 2024ರ ನವೆಂಬರಿನಲ್ಲಿ ಪ್ರಕಟವಾದ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್' ಎಂಬ ಒಡಂಬಡಿಕೆಯ ಪ್ರಕಾರ ಪ್ರತಿಯೊಂದು ಸಲಕರಣೆಗೂ ಹೆಸರು, ಅದು ಕೇಳುವ ವಿವರಗಳ ಪಟ್ಟಿ, ಸಾಮಾನ್ಯ ಗದ್ಯದಲ್ಲಿ ಒಂದು ವಿವರಣೆ ಇರುತ್ತವೆ. ಆ ಗದ್ಯ ಎಷ್ಟು ಉದ್ದವಿರಬೇಕೆಂಬುದು ಅವರ ತೊಡಕು. ಉದ್ದವಾದಷ್ಟೂ ಏಜೆಂಟಿನ ಗಮನ ಹಂಚಿಹೋಗುತ್ತದಂತೆ, ಚಿಕ್ಕದಾದರೆ ಅಪಾರ್ಥ.

ನನಗೆ ಕೇಶಿರಾಜ ನೆನಪಾದ. ಹದಿಮೂರನೆಯ ಶತಮಾನದ 'ಶಬ್ದಮಣಿದರ್ಪಣ'ದಲ್ಲಿ ಅವನು ಕಂದಪದ್ಯದಲ್ಲಿ ಸೂತ್ರವನ್ನು ಹೇಳಿ, ಕೆಳಗೆ ಗದ್ಯದಲ್ಲಿ ವೃತ್ತಿಯನ್ನು ಬರೆದು, ಆ ಬಳಿಕ ಪೂರ್ವಕವಿಗಳ ಪ್ರಯೋಗಗಳನ್ನು ಕೊಡುತ್ತಾನೆ. ಸೂತ್ರ ಮರೆಯಬಹುದು, ವೃತ್ತಿ ತೊಡಕೆನಿಸಬಹುದು. ಪ್ರಯೋಗ ಕಣ್ಣಿಗೆ ಬಿದ್ದೊಡನೆ ನಿಯಮ ತಿಳಿಯುತ್ತದೆ. ತರಗತಿಯಲ್ಲಿ ನಾನು ಕಂಡುಕೊಂಡದ್ದೂ ಇದನ್ನೇ. ಸಲಕರಣೆಯ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಿ, ಮಿತಿಗಳನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿ, ಉಳಿದ ಜಾಗವನ್ನು ಉದಾಹರಣೆಗಳಿಗೆ ಬಿಡಿ ಎಂದೆ. ಅದರಲ್ಲಿಯೂ ಕೆಲಸ ಕೆಟ್ಟಾಗ ಬರುವ ಫಲಿತದ ಉದಾಹರಣೆಗೆ. ಗೆದ್ದ ಪ್ರಸಂಗವನ್ನು ಮಾತ್ರ ತೋರಿಸುವ ಚಟ ಕೈಪಿಡಿಕಾರರಿಗೆ ಬಹಳ.

ಅವರು ಇಂಗ್ಲಿಷಿನಲ್ಲಿ ಬರೆದು ತೋರಿಸಿದ ಒಂದು ಉದಾಹರಣೆಯ ತಾತ್ಪರ್ಯ ಹೀಗಿತ್ತು: ಹತ್ತು ಬಾರಿ ಕೂಗಲಾಯಿತು, ಒಮ್ಮೆಯೂ ಉತ್ತರ ಬರಲಿಲ್ಲ. ಕಂಪ್ಯೂಟರ್ ನಿಂತಿದೆಯೆಂದು ಇಷ್ಟರಿಂದಲೇ ತೀರ್ಮಾನಿಸಬೇಡ. ಅದು ವೆಬ್ ಸೇವೆ ನೀಡುವಂಥದಾದರೆ 443ನೆಯ ದ್ವಾರವನ್ನು ತಟ್ಟಿ ನೋಡು. ಅಲ್ಲಿಯೂ ಉತ್ತರವಿಲ್ಲದಿದ್ದರೆ ಕಂಡದ್ದನ್ನು ಕಂಡಂತೆ ಮೇಲಿನವರಿಗೆ ತಿಳಿಸು. ನೀನಾಗಿ ಯಾವುದನ್ನೂ ನಿಲ್ಲಿಸಬೇಡ.

ಕೊನೆಯ ವಾಕ್ಯವನ್ನು ಮೊದಲಿಗೆ ತರುವಂತೆ ಸೂಚಿಸಿದೆ. ಅವರು ಒಪ್ಪಿದರು.